ಮಗ್ಗದ ಊರಿನಲ್ಲಿ ಕೋರ್ಸುಗಳ ಸಂತೆ

ನಂಗವಳ್ಳಿಯಲ್ಲಿ ಬಸ್ಸಿಳಿದರೆ ಊರು ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ. ಬೀದಿಯ ಮನೆಗಳ ಒಳಗಿಂದ ಪವರ್‌ಲೂಮುಗಳು ಒಂದೇ ಸಮನೆ ಬಡಿಯುತ್ತಿರುತ್ತವೆ. ಕರೆಂಟು ಹೋದರಷ್ಟೇ ಬಿಡುವು. ಅಂಗಡಿಯ ಬೋರ್ಡು, ಬಸ್ಸಿನ ಬೋರ್ಡು, ಗೋಡೆಯ ಮೇಲಿನ ಪಕ್ಷಗಳ ಬರಹ ಎಲ್ಲವೂ ತಮಿಳು. ಆದರೆ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ ಹಿರಿಯರು ನೂಲಿನ ಬೆಲೆಗೆ ಶಾಪ ಹಾಕುತ್ತಿದ್ದದ್ದು ಕನ್ನಡದಲ್ಲಿ. ಸೇಲಂ ಜಿಲ್ಲೆಯ ಮೆಟ್ಟೂರು ಸೀಮೆಯ ಈ ಪಟ್ಟಣ ಪಂಚಾಯತಿಯಲ್ಲಿ, ಪಕ್ಕದ ವನವಾಸಿ, ಜಲಕಂಠಪುರಗಳಲ್ಲಿ ನೇಯ್ಗೆಯವರಾದ ದೇವಾಂಗರು ಮನೆಯೊಳಗೆ ಇವತ್ತಿಗೂ ಕನ್ನಡವನ್ನೇ ಆಡುತ್ತಾರೆ. ಕುಲದೇವತೆ ಚೌಡೇಶ್ವರಿ. ಶಾಲೆ ತಮಿಳಿನದು. ಕನ್ನಡ ಅಕ್ಷರ ಬಲ್ಲವರು ಅಪರೂಪ. 1965ರ ಅಕ್ಟೋಬರ್ 2ರಂದು ಧರ್ಮಪುರಿಯನ್ನು ಬೇರೆ ಮಾಡುವವರೆಗೆ ಇಲ್ಲಿಂದ ಹೊಸೂರಿನವರೆಗಿನ ನೆಲವೆಲ್ಲ ಒಂದೇ ಜಿಲ್ಲೆ. ಬೆಂಗಳೂರಿನ ಹೊಸ್ತಿಲವರೆಗೂ ಸೇಲಮ್ಮೇ.

ನಾನು ಬಂದದ್ದು ಭಾಷೆಯ ಲೆಕ್ಕ ತೆಗೆಯುವುದಕ್ಕಲ್ಲ. ಮಗ್ಗ ಬಿಟ್ಟು ಕಂಪ್ಯೂಟರಿನ ಕೆಲಸಕ್ಕೆ ಹೋಗಬೇಕೆನ್ನುವ ಇಲ್ಲಿನ ಮಕ್ಕಳು ಯಾವ ಕೋರ್ಸಿಗೆ, ಯಾರ ಮಾತು ಕೇಳಿ ದುಡ್ಡು ಕಟ್ಟುತ್ತಾರೆ ಎಂದು ನೋಡುವುದಕ್ಕೆ. ಬೆಂಗಳೂರಿನ ಮಾರತ್ತಹಳ್ಳಿಯಲ್ಲೋ ಬಿಟಿಎಂ ಲೇಔಟಿನಲ್ಲೋ ಕೂತು ಇದನ್ನು ಬರೆಯಬಹುದಿತ್ತು. ಅಲ್ಲಿ ಕಂಬಕ್ಕೊಂದು ತರಬೇತಿ ಕೇಂದ್ರದ ಚೀಟಿ ಅಂಟಿರುತ್ತದೆ. ಆದರೆ ಆ ಚೀಟಿ ಓದಿ ಪೆಟ್ಟಿಗೆ ಕಟ್ಟಿಕೊಂಡು ಹೊರಡುವವರು ಇಂಥ ಊರಿನವರು. ಹೊರಡುವ ಮುಂಚೆಯೇ ಅವರ ಅರ್ಧ ತೀರ್ಮಾನ ಆಗಿಹೋಗಿರುತ್ತದೆ.

ಲಕ್ಷ್ಮೀನರಸಿಂಹನೂ ಸೋಮೇಶ್ವರನೂ ಒಂದೇ ಆವರಣದಲ್ಲಿ ಪೂಜೆ ಪಡೆಯುವ ಇಲ್ಲಿನ ಹಳೆಯ ದೇವಸ್ಥಾನ ದಾಟಿ ಪೇಟೆಯ ಕಡೆ ನಡೆದರೆ ಗೋಡೆಯ ಮೇಲೆ ಆ ಚೀಟಿಗಳು ಇಲ್ಲಿಗೂ ಬಂದಿವೆ. ಜಾವಾ, ಪೈಥಾನ್, ಕ್ಲೌಡ್, ನೆಟ್‌ವರ್ಕಿಂಗ್, ಟೆಸ್ಟಿಂಗ್. ಕೆಳಗೆ ನೂರಕ್ಕೆ ನೂರು ಕೆಲಸದ ಭರವಸೆ. ಅದರ ಕೆಳಗೆ ಮೊಬೈಲ್ ನಂಬರು. ಅದೇ ಸಾಲಿನ ಮಾಳಿಗೆಯ ಮೇಲೊಂದು ಟೈಪಿಂಗ್ ಇನ್‌ಸ್ಟಿಟ್ಯೂಟು. ಪರಿಚಯವನ್ನು ಅಲ್ಲಿಂದಲೇ ಶುರು ಮಾಡುವುದು ನ್ಯಾಯ. ಏಕೆಂದರೆ ಸರ್ಟಿಫಿಕೇಟು ಎಂದರೆ ಏನು ಎಂಬುದು ಈ ಊರಿಗೆ ಗೊತ್ತಾದದ್ದು ಆ ಮೆಟ್ಟಿಲು ಹತ್ತಿ.

ತಮಿಳುನಾಡಿನ ಸಣ್ಣ ಊರುಗಳಲ್ಲಿ ಟೈಪಿಂಗ್ ಸತ್ತಿಲ್ಲ. ಬೆರಳು ನೋಯುವ ಹಳೆಯ ಕಬ್ಬಿಣದ ಯಂತ್ರಗಳ ಮುಂದೆ ಹುಡುಗಿಯರು ಸಾಲಾಗಿ ಕೂತಿದ್ದರು. ತಾಂತ್ರಿಕ ಶಿಕ್ಷಣ ನಿರ್ದೇಶನಾಲಯ ನಡೆಸುವ ಪರೀಕ್ಷೆ. ಜೂನಿಯರಿಗೆ ನಿಮಿಷಕ್ಕೆ 30 ಪದ, ಸೀನಿಯರಿಗೆ 45. ಪಕ್ಕದ ಕೋಣೆಯಲ್ಲಿ ನಾಲ್ಕಾರು ಕಂಪ್ಯೂಟರು. ಅಲ್ಲಿ ಕಲಿಸುವುದು ‘ಕಂಪ್ಯೂಟರ್ ಆನ್ ಆಫೀಸ್ ಆಟೊಮೇಷನ್’, ಊರಿನವರ ಬಾಯಲ್ಲಿ ಸಿಒಎ. ಅದನ್ನೂ ನಡೆಸುವುದು ಅದೇ ನಿರ್ದೇಶನಾಲಯ.

“ಇದು ಹಳೇ ಕಾಲದ್ದಲ್ವಾ ಮಾಸ್ಟರ್, ಈಗ ಯಾರು ಕೇಳ್ತಾರೆ?” ಎಂದೆ.

“ಸರ್ಕಾರ ಕೇಳ್ತದಲ್ಲ ಸಾರ್” ಎಂದರು ಅವರು. “ಟಿಎನ್‌ಪಿಎಸ್‌ಸಿ ನೋಟಿಫಿಕೇಷನ್ ತೆಗೀರಿ, ಟೈಪಿಸ್ಟ್ ಹುದ್ದೆಗೆ ಏನು ಬೇಕು ಅಂತ ಅದರಲ್ಲೇ ಹೆಸರು ಹಾಕಿರ್ತಾರೆ. ಅದಕ್ಕೇ ನನ್ನ ಹತ್ತಿರ ಮಕ್ಕಳು ಬರ್ತಾರೆ. ಆ ಹೆಸರು ತೆಗೆದುಬಿಟ್ಟರೆ ನಾಳೆ ನಾನು ಬಾಗಿಲು ಹಾಕ್ತೀನಿ.”

ಕೋರ್ಸಿನ ವಿಷಯದಲ್ಲಿ ಇಷ್ಟು ನೇರವಾದ ಮಾತನ್ನು ನಾನು ಯಾವ ಹವಾನಿಯಂತ್ರಿತ ಕೋಣೆಯಲ್ಲೂ ಕೇಳಿಲ್ಲ. ಕೆಲಸ ಕೊಡುವವನು ಬರೆದ ಕಾಗದದಲ್ಲಿ ಸರ್ಟಿಫಿಕೇಟಿನ ಹೆಸರಿದೆ. ಪರೀಕ್ಷೆ ನಡೆಸುವವನು ಬೇರೆ, ಕಲಿಸುವವನು ಬೇರೆ. ಮಾಸ್ಟರು ತಾವೇ ಪಾಠ ಹೇಳಿ ತಾವೇ ಪಾಸು ಮಾಡಿ ತಾವೇ ಮೊಹರು ಒತ್ತಿಕೊಡುವುದಿಲ್ಲ. ಈ ಮೂರು ಸಂಗತಿ ಬೇರೆ ಬೇರೆ ಕೈಯಲ್ಲಿರುವುದರಿಂದಲೇ ಆ ಕಾಗದಕ್ಕೆ ಬೆಲೆ. ಐಟಿ ಕೋರ್ಸಿನ ಸಂತೆಯಲ್ಲಿ ಮೊದಲು ಕಲಸಿಹೋಗುವುದು ಇದೇ. ಅಲ್ಲಿ ತರಬೇತಿ ಕೇಂದ್ರ ಕೊಡುವ ‘ಕೋರ್ಸು ಮುಗಿಸಿದ’ ಸರ್ಟಿಫಿಕೇಟು ಒಂದು, ಸಿಸ್ಕೊ, ಮೈಕ್ರೊಸಾಫ್ಟ್, ಅಮೆಜಾನ್, ರೆಡ್ ಹ್ಯಾಟ್ ಕಂಪನಿಗಳು ಪರೀಕ್ಷೆ ಮಾಡಿ ಕೊಡುವ ಸರ್ಟಿಫಿಕೇಟು ಇನ್ನೊಂದು. ಎರಡಕ್ಕೂ ಬಣ್ಣದ ಅಂಚು, ಎರಡರಲ್ಲೂ ಹೆಸರು ದಪ್ಪಕ್ಷರದಲ್ಲಿ. ಮೊದಲನೆಯದು ನೀವು ಹಣ ಕಟ್ಟಿ ಹಾಜರಾದಿರಿ ಎನ್ನುತ್ತದೆ, ಅಷ್ಟೇ.

ಮಾಸ್ಟರ ಬಳಿ ಹಿಂದೆ ಟೈಪಿಂಗ್ ಕಲಿತ ಒಬ್ಬಳು ಹುಡುಗಿಯ ಮನೆ ಎರಡು ಬೀದಿ ಆಚೆ. ಬಿ.ಕಾಂ. ಮುಗಿಸಿದ್ದಾಳೆ, ತಂದೆಗೆ ನಾಲ್ಕು ಪವರ್‌ಲೂಮು. ನಡುಮನೆಯಲ್ಲಿ ಮಾತಾಡಬೇಕಾದರೆ ಗಂಟಲು ಎತ್ತರಿಸಬೇಕು. ಸೇಲಂನ ಒಂದು ಕೇಂದ್ರದವರು ಅವಳಿಗೆ ಡೇಟಾ ಅನಾಲಿಟಿಕ್ಸ್ ಕೋರ್ಸು ಹೇಳಿದ್ದಾರೆ. ಐದಂಕಿಯ ಶುಲ್ಕ, ಕಂತಿನಲ್ಲಿ ಕಟ್ಟಬಹುದು.

“ಇದನ್ನು ಮಾಡಿದ್ರೆ ಬೆಂಗ್ಳೂರಲ್ಲಿ ಸಿಗ್ತದಾ ಅಣ್ಣ?” ಎಂದು ಕೇಳಿದಳು.

ಉತ್ತರಕ್ಕೆ ಮೊದಲು ಅವಳ ಕಾಲೇಜಿನ ಕಾಗದಗಳನ್ನು ನೋಡಿದೆವು. ತಮಿಳುನಾಡು ಸರ್ಕಾರ 2022ರ ಮಾರ್ಚ್ 1ರಂದು ‘ನಾನ್ ಮುದಲ್ವನ್’ ಯೋಜನೆ ಆರಂಭಿಸಿತು. ರಾಜ್ಯದ ಕೌಶಲಾಭಿವೃದ್ಧಿ ನಿಗಮ ನಡೆಸುವ ಈ ಯೋಜನೆಯಲ್ಲಿ ಎಂಜಿನಿಯರಿಂಗ್, ಕಲಾ ಕಾಲೇಜು, ಪಾಲಿಟೆಕ್ನಿಕ್, ಐಟಿಐ ಮಕ್ಕಳಿಗೆ ಓದಿನ ಜೊತೆಗೇ ಕಂಪನಿಗಳ ಸಹಭಾಗಿತ್ವದ ಕೋರ್ಸುಗಳು ಉಚಿತವಾಗಿ ಬರುತ್ತವೆ. ಅವಳೂ ಒಂದನ್ನು ಮುಗಿಸಿದ್ದಳು. ಅದರ ವಿಷಯಪಟ್ಟಿಯನ್ನೂ ಸೇಲಂ ಕೇಂದ್ರದ ಕೈಪತ್ರವನ್ನೂ ಪಕ್ಕಪಕ್ಕ ಇಟ್ಟರೆ ಅರ್ಧಕ್ಕರ್ಧ ಒಂದೇ: ಎಕ್ಸೆಲ್, ಎಸ್‌ಕ್ಯುಎಲ್‌ನ ಆರಂಭ, ಸ್ವಲ್ಪ ಪೈಥಾನ್. ಕಾಲೇಜಿನಲ್ಲಿ ಪುಕ್ಕಟೆ ಬಂದದ್ದನ್ನು ಅವಳು ಹಾಜರಿಗಾಗಿ ಕೇಳಿಸಿಕೊಂಡಿದ್ದಳು. ಈಗ ಅದಕ್ಕೇ ಸಾಲ ಮಾಡಲು ಹೊರಟಿದ್ದಳು. ಇದು ಅವಳೊಬ್ಬಳ ಕಥೆಯಲ್ಲ. ಪುಕ್ಕಟೆಯದಕ್ಕೆ ಬೆಲೆಯಿಲ್ಲ, ದುಬಾರಿಯದೇ ಒಳ್ಳೆಯದು ಎಂಬ ನಂಬಿಕೆ ಎಲ್ಲ ಮಧ್ಯಮವರ್ಗದ ಮನೆಗಳಲ್ಲೂ ಇದೆ, ತರಬೇತಿ ವ್ಯಾಪಾರ ನಿಂತಿರುವುದೇ ಅದರ ಮೇಲೆ.

ಬಿ.ಕಾಂ. ಓದಿದವಳಿಗೆ ಲೆಕ್ಕಪತ್ರ ಗೊತ್ತು, ಟ್ಯಾಲಿ ಗೊತ್ತು, ಜಿಎಸ್‌ಟಿ ಗೊತ್ತು. ಎಕ್ಸೆಲ್ ಮತ್ತು ಎಸ್‌ಕ್ಯುಎಲ್ ಚೆನ್ನಾಗಿ ಬಂದರೆ ಕಂಪನಿಗಳ ಫೈನಾನ್ಸ್ ವಿಭಾಗದಲ್ಲಿ ಅವಳಿಗೆ ಜಾಗವುಂಟು. ಅದಕ್ಕೆ ‘ಡೇಟಾ ಸೈನ್ಸ್’ ಎಂಬ ದೊಡ್ಡ ಹೆಸರು ಬೇಕಿಲ್ಲ. ಗಣಿತ, ಸಂಖ್ಯಾಶಾಸ್ತ್ರ ಗಟ್ಟಿಯಿಲ್ಲದವರಿಗೆ ಕೆಲವೇ ತಿಂಗಳಲ್ಲಿ ಡೇಟಾ ಸೈಂಟಿಸ್ಟ್ ಪದವಿ ಮಾರುವವರನ್ನು ನಾನು ನಂಬುವುದಿಲ್ಲ. ನಿಜಕ್ಕೂ ಆ ದಾರಿ ಬೇಕೆನ್ನುವವರಿಗೆ ಮದರಾಸು ಐಐಟಿಯೇ 2020ರಿಂದ ಆನ್‌ಲೈನಿನಲ್ಲಿ ಪದವಿ ಕೋರ್ಸು ನಡೆಸುತ್ತಿದೆ. ಜೆಇಇ ಬೇಡ, ಅರ್ಹತಾ ಪರೀಕ್ಷೆ ಪಾಸಾಗಬೇಕು. ಅದು ವರ್ಷಗಳ ಓದು. ಆ ಓದಿಗೆ ಹಿಡಿಯುವ ಕಾಲವೇ ಎಲ್ಲವನ್ನೂ ಹೇಳುತ್ತದೆ.

ವನವಾಸಿಯಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಅಲ್ಲಿ ಡಿಪ್ಲೊಮಾ ಮುಗಿಸಿ ಮನೆಯಲ್ಲಿರುವ ಒಬ್ಬ ಹುಡುಗ ನನ್ನ ಜೊತೆ ಬಸ್ಸು ಹತ್ತಿದ. ತಾರಮಂಗಲಂ ಮಾರ್ಗವಾಗಿ ಸೇಲಂಗೆ ಹೊರಟೆವು. ತಾರಮಂಗಲಂನ ಕೈಲಾಸನಾಥರ ದೇವಸ್ಥಾನದ ಕಲ್ಲಿನ ಕೆಲಸ ನೋಡದೆ ಆ ದಾರಿಯಲ್ಲಿ ಹೋಗುವುದು ತಪ್ಪೇ. ಆದರೆ ಅವನಿಗೆ ಮಧ್ಯಾಹ್ನದೊಳಗೆ ಮೂರು ಕೇಂದ್ರ ನೋಡುವ ಅವಸರವಿತ್ತು. ಸಿಸಿಎನ್‌ಎ ಮಾಡಬೇಕು ಎಂದಿದ್ದ. ಯಾಕೆ ಎಂದರೆ, “ಮಾವನ ಮಗ ಮಾಡಿದ್ದಾನೆ ಸಾರ್, ಹೊಸೂರಲ್ಲಿದ್ದಾನೆ.” ಕಾರಣ ಸಣ್ಣದೆನಿಸಬಹುದು. ನನಗೆ ಹಾಗನಿಸಲಿಲ್ಲ. ಆ ಕೆಲಸ ಏನೆಂದು ದಿನವೂ ಕಂಡ ಒಬ್ಬ ನೆಂಟ, ಯಾವ ಕೌನ್ಸೆಲರಿಗಿಂತಲೂ ಮೇಲು.

ಸಿಸ್ಕೊ ಕಂಪನಿಯ ಸಿಸಿಎನ್‌ಎ 1998ರಿಂದ ಇರುವ ಪರೀಕ್ಷೆ. ನೆಟ್‌ವರ್ಕಿನ ರೂಟರು, ಸ್ವಿಚ್ಚುಗಳನ್ನು ಜೋಡಿಸಿ ನಡೆಸುವ ವಿದ್ಯೆ. 2020ರ ಫೆಬ್ರವರಿ 24ರಂದು ಅದನ್ನು ಪೂರ್ತಿ ಬದಲಿಸಿ 200-301 ಎಂಬ ಒಂದೇ ಪರೀಕ್ಷೆ ಮಾಡಿದರು. 120 ನಿಮಿಷ, ಶುಲ್ಕ 300 ಡಾಲರು, ಪಾಸಾದರೆ ಮೂರು ವರ್ಷ ಚಾಲ್ತಿ. ಅಂಕಗಳ ತೂಕವೂ ಬಹಿರಂಗ: ಐಪಿ ಸಂಪರ್ಕಕ್ಕೆ ನೂರಕ್ಕೆ 25, ಭದ್ರತೆಗೆ 15, ಆಟೊಮೇಷನ್ನಿಗೆ 10, ಹೀಗೆ. ಸಿಸ್ಕೊ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಇಷ್ಟು ತಿಳಿದಿದ್ದರೆ ಕೇಂದ್ರವನ್ನು ಅಳೆಯುವ ಕೋಲು ನಿಮ್ಮ ಕೈಯಲ್ಲೇ ಇದ್ದಂತೆ.

ಸೇಲಂ ಹೊಸ ಬಸ್ ನಿಲ್ದಾಣದಿಂದ ಐದು ರಸ್ತೆ, ಅಲ್ಲಿಂದ ಫೇರ್‌ಲ್ಯಾಂಡ್ಸ್, ಶಾರದಾ ಕಾಲೇಜು ರಸ್ತೆ. ಆಭರಣದ ಅಂಗಡಿ, ಆಸ್ಪತ್ರೆ, ಸೀರೆಯಂಗಡಿಗಳ ನಡುವೆ ಮೇಲಂತಸ್ತುಗಳಲ್ಲಿ ಕೋರ್ಸುಗಳು. ಒಂದು ಕಡೆ ಬೋರ್ಡಿನಲ್ಲಿ ಇನ್ನೂ ‘ಎಂಸಿಎಸ್‌ಇ’ ಎಂದಿತ್ತು. ಮೈಕ್ರೊಸಾಫ್ಟ್ ಆ ಸರ್ಟಿಫಿಕೇಟನ್ನು 2021ರ ಜನವರಿ 31ಕ್ಕೆ ಮುಚ್ಚಿಬಿಟ್ಟಿದೆ. ಬೋರ್ಡಿಗೆ ಬಣ್ಣ ಹೊಡೆಸದವರು ಪಾಠಕ್ಕೆ ಹೊಡೆಸಿರುತ್ತಾರೆಯೇ? ಹುಡುಗನೂ ಚುರುಕಾದ. ಒಳಗೆ ಹೋದವನೇ, “ಪರೀಕ್ಷೆಯ ಕೋಡ್ ಯಾವುದು ಸಾರ್?” ಎಂದು ಕೇಳಿದ. ಎದುರಿಗಿದ್ದವರು ನಕ್ಕು ಕೈಪತ್ರ ಕೊಟ್ಟರು. ಅದರಲ್ಲಿದ್ದದ್ದು 200-125, ಅಂದರೆ 2020ರ ಫೆಬ್ರವರಿಯಲ್ಲೇ ನಿಂತುಹೋದ ಪರೀಕ್ಷೆ. “ಅದು ಹಳೇ ಪ್ರಿಂಟ್, ಪಾಠ ಹೊಸದೇ” ಎಂದರು. ಇರಬಹುದು. ನಾವು ಮೆಟ್ಟಿಲಿಳಿದೆವು.

ಈ ಕೋಡಿನ ಪ್ರಶ್ನೆ ಎಲ್ಲ ಕೋರ್ಸಿಗೂ ನಡೆಯುತ್ತದೆ. ಅಮೆಜಾನಿನ ಕ್ಲೌಡ್ ಪ್ರಾಕ್ಟೀಷನರ್ 2023ರ ಸೆಪ್ಟೆಂಬರಿನಿಂದ ಸಿಎಲ್‌ಎಫ್-ಸಿ02. ಕಂಪ್‌ಟಿಯಾದ ಎ ಪ್ಲಸ್‌ಗೆ 2025ರ ಮಾರ್ಚಿನಲ್ಲಿ 220-1201, 220-1202 ಎಂಬ ಹೊಸ ಜೋಡಿ ಪರೀಕ್ಷೆ ಬಂದಿದೆ. ಕೋಡು ಹೇಳಲು ತಡವರಿಸುವವರು ನಿಮ್ಮನ್ನು ಆ ಪರೀಕ್ಷೆಗೆ ಕೂರಿಸುವ ಯೋಚನೆಯನ್ನೇ ಮಾಡಿಲ್ಲ ಎಂದರ್ಥ. ತಮ್ಮದೇ ಬಣ್ಣದ ಕಾಗದ ಕೊಟ್ಟು ಕಳುಹಿಸುವವರು.

ಎರಡನೆಯ ಕೇಂದ್ರ ಇನ್ನೂ ಚೊಕ್ಕ. ಗಾಜಿನ ಬಾಗಿಲು, ತಣ್ಣನೆ ಗಾಳಿ, ‘ಅಡ್ಮಿಷನ್ ಕೌನ್ಸೆಲರ್’ ಎಂಬ ಚುರುಕು ಹುಡುಗಿ. ಕೇಳಿದ್ದಕ್ಕೆಲ್ಲ ಉತ್ತರವಿತ್ತು, ಒಂದನ್ನು ಬಿಟ್ಟು: ಪಾಠ ಮಾಡುವವರು ಯಾರು? “ಇಂಡಸ್ಟ್ರಿ ಎಕ್ಸ್‌ಪರ್ಟ್” ಎಂದಳು. ಅವರ ತರಗತಿಯಲ್ಲಿ ಒಂದು ಗಂಟೆ ಕೂರಬಹುದೇ ಎಂದರೆ ಬ್ಯಾಚು ಮುಂದಿನ ವಾರ. ಶುಲ್ಕದ ರಿಯಾಯಿತಿ ಮಾತ್ರ ಇವತ್ತು ಸಂಜೆಯವರೆಗೆ. ನಾನು ಇಂಥ ‘ಇವತ್ತು ಸಂಜೆ’ಗಳನ್ನು ಬೆಂಗಳೂರಿನಲ್ಲೂ ಕಂಡಿದ್ದೇನೆ, ಅದು ಮುಂದಿನ ವಾರವೂ ಬರುತ್ತದೆ. ಹೇಳಿದ ಶುಲ್ಕದ ಮೇಲೆ ನೂರಕ್ಕೆ 18ರಷ್ಟು ಜಿಎಸ್‌ಟಿ ಬೇರೆ. ಕಂಪನಿಯ ಪರೀಕ್ಷಾ ಶುಲ್ಕ ಇದರಲ್ಲಿ ಸೇರಿಲ್ಲ ಎಂಬುದು ನಾವು ಎರಡು ಸಲ ಕೇಳಿದ ಮೇಲೆ ತಿಳಿದದ್ದು.

ಕಂತಿನ ವಿಷಯಕ್ಕೆ ಇಲ್ಲಿ ಸ್ವಲ್ಪ ನಿಲ್ಲಬೇಕು. ‘ಇಎಂಐ ಇದೆ’ ಎಂದು ಕೇಂದ್ರದವರು ಹೇಳಿದರೆ ಬಹುಪಾಲು ಅದು ಅವರ ಔದಾರ್ಯವಲ್ಲ. ಒಂದು ಸಾಲದ ಕಂಪನಿ ನಿಮ್ಮ ಹೆಸರಿನಲ್ಲಿ, ನಿಮ್ಮ ಅಥವಾ ನಿಮ್ಮಪ್ಪನ ಪಾನ್ ಕಾರ್ಡಿನ ಮೇಲೆ ಸಾಲ ಬರೆದು ಪೂರ್ತಿ ಮೊತ್ತವನ್ನು ಕೇಂದ್ರಕ್ಕೆ ಕೊಟ್ಟುಬಿಡುತ್ತದೆ. ಪಾಠ ಹಿಡಿಸದೆ ನೀವು ಬಿಟ್ಟರೂ ಕಂತು ಬಿಡುವುದಿಲ್ಲ. ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿ ಡಿಜಿಟಲ್ ಸಾಲಕ್ಕೆ ನಿಯಮ ಮಾಡಿ, ಸಾಲ ಪಡೆದ ಮೇಲೂ ಕೆಲವು ದಿನದೊಳಗೆ ದಂಡವಿಲ್ಲದೆ ಹಿಂದೆ ಸರಿಯುವ ಅವಕಾಶ ಇರಲೇಬೇಕು ಎಂದಿದೆ. ಮೊಬೈಲಿನಲ್ಲಿ ಒಟಿಪಿ ಹೇಳುವ ಮುನ್ನ ಆ ಅವಧಿ ಎಷ್ಟು ದಿನ ಎಂದು ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ. ನೂಲಿಗೆ ಮುಂಗಡ ತಂದು ನೇಯ್ದುಕೊಟ್ಟು ತೀರಿಸುವ ಈ ಸೀಮೆಯ ಜನಕ್ಕೆ ಮುಂಗಡದ ಬಲೆ ಏನೆಂದು ನಾನು ಹೇಳಿಕೊಡಬೇಕಿಲ್ಲ.

ಕೆಲಸದ ಗ್ಯಾರಂಟಿಯ ಮಾತಿಗೂ ಈಗ ಕಡಿವಾಣವಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಕೋಚಿಂಗ್ ಕ್ಷೇತ್ರದ ದಾರಿ ತಪ್ಪಿಸುವ ಜಾಹೀರಾತುಗಳ ಮೇಲೆ ಮಾರ್ಗಸೂಚಿ ಹೊರಡಿಸಿದೆ. ಕೆಲಸ ಖಾತ್ರಿ, ಆಯ್ಕೆ ಖಾತ್ರಿ ಎಂದು ಸುಳ್ಳು ಹೇಳುವಂತಿಲ್ಲ. ಗೆದ್ದ ವಿದ್ಯಾರ್ಥಿಯ ಫೋಟೊವನ್ನು ಅವರ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಗೋಡೆಯ ಮೇಲೆ ನೇತುಹಾಕಿದ ನಗುಮುಖಗಳಲ್ಲಿ ಇಬ್ಬರ ಜೊತೆ ಮಾತಾಡಿಸಿ ಎಂದು ಕೇಳಿ ನೋಡಿ. ಮಾತಾಡಿಸುವ ಕೇಂದ್ರಗಳೂ ಇವೆ. ನಮಗೆ ಮೂರನೆಯದರಲ್ಲಿ ಸಿಕ್ಕಿತು: ಸಣ್ಣ ಜಾಗ, ಹಳೆಯ ರೂಟರುಗಳ ಕಪಾಟು, ಪಾಠ ಮಾಡುವವರೇ ಮಾಲೀಕರು. ಹುಡುಗನಿಗೆ ಅವರು ಹೇಳಿದ್ದು ಇಷ್ಟು: “ಮನೇಲಿ ಪ್ಯಾಕೆಟ್ ಟ್ರೇಸರ್ ಹಾಕ್ಕೊ, ಸಿಸ್ಕೊ ಪುಕ್ಕಟೆ ಕೊಡ್ತಾರೆ. ಒಂದು ತಿಂಗಳು ಕೂತು ನೋಡು. ತಲೆಗೆ ಹತ್ತಿದ್ರೆ ಬಾ, ಹತ್ತದಿದ್ರೆ ಬರಬೇಡ.” ಗಿರಾಕಿಯನ್ನು ವಾಪಸು ಕಳಿಸುವ ಮೇಷ್ಟ್ರಿಗೆ ಹಣ ಕೊಡಬಹುದು.

ಆ ಮಾತಿನಲ್ಲಿ ಒಂದು ಕ್ರಮವಿದೆ, ನನಗೂ ಅದೇ ಸರಿ ಎನಿಸುತ್ತದೆ. ಮೊದಲು ಪುಕ್ಕಟೆಯದು. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ 2003ರಲ್ಲಿ ಆರಂಭಿಸಿದ ಎನ್‌ಪಿಟೆಲ್ ಪಾಠಗಳನ್ನು ಕೇಳಲು ದುಡ್ಡು ಬೇಡ. ಕೊನೆಯ ಪರೀಕ್ಷೆ ಬರೆಯುವವರಷ್ಟೇ ಶುಲ್ಕ ಕಟ್ಟಬೇಕು. ಅಂತಿಮ ಅಂಕದಲ್ಲಿ ಕಾಲುಭಾಗ ವಾರದ ಅಸೈನ್‌ಮೆಂಟಿಗೆ, ಮುಕ್ಕಾಲು ಭಾಗ ಪರೀಕ್ಷೆಗೆ. ಮೈಕ್ರೊಸಾಫ್ಟ್ ಲರ್ನ್, ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿ, ಅಮೆಜಾನಿನ ಸ್ಕಿಲ್ ಬಿಲ್ಡರ್, ಇನ್ಫೊಸಿಸ್ ಸ್ಪ್ರಿಂಗ್‌ಬೋರ್ಡ್‌ಗಳಲ್ಲಿ ಒಂದು ವರ್ಷಕ್ಕಾಗುವಷ್ಟು ಉಚಿತ ಪಾಠಗಳಿವೆ. ಕೇಂದ್ರ ಸರ್ಕಾರದ ನೈಲಿಟ್ ನಡೆಸುವ ‘ಒ ಲೆವೆಲ್’ ಪರೀಕ್ಷೆಯನ್ನು ಮನೆಯಲ್ಲೇ ಓದಿಯೂ ಬರೆಯಬಹುದು. ಅದರ ಈಗಿನ ಪಠ್ಯದಲ್ಲಿ ವೆಬ್ ವಿನ್ಯಾಸ, ಪೈಥಾನ್, ಇಂಟರ್ನೆಟ್ ಆಫ್ ಥಿಂಗ್ಸ್ ಸೇರಿವೆ. ಇದೆಲ್ಲ ಮುಗಿದ ಮೇಲೂ ಕೇಂದ್ರ ಬೇಕೆನಿಸಿದರೆ ಅದು ಲ್ಯಾಬಿಗಾಗಿ, ತಪ್ಪು ತೋರಿಸುವ ಮನುಷ್ಯನಿಗಾಗಿ. ವಿಡಿಯೊ ತೋರಿಸುವ ಕೇಂದ್ರಕ್ಕೆ ಹಣ ಯಾಕೆ?

ಆದರೆ ಪುಕ್ಕಟೆ ದಾರಿಯ ಪರವಾಗಿ ಮಾತಾಡುವ ನಾವು ಒಂದು ನಿಜ ಮರೆಯುತ್ತೇವೆ. ಮನೆಯಲ್ಲಿ ಒಬ್ಬರೇ ಕೂತು ಕಲಿಯುವುದಕ್ಕೆ ಮನೆ ಬೇಕು. ಕಂಪನಿಗಳ ಪರೀಕ್ಷೆಯನ್ನು ಈಗ ಮನೆಯಿಂದಲೇ ಕ್ಯಾಮೆರಾ ಮುಂದೆ ಬರೆಯಬಹುದು. ನಿಯಮವೇನೆಂದರೆ ಕೋಣೆಯಲ್ಲಿ ನೀವೊಬ್ಬರೇ, ಸದ್ದಿರಬಾರದು, ಯಾರೂ ಒಳಗೆ ಬರಬಾರದು, ಇಂಟರ್ನೆಟ್ ಕಡಿಯಬಾರದು. ನಾಲ್ಕು ಪವರ್‌ಲೂಮು ಓಡುವ ನಡುಮನೆಯಲ್ಲಿ ಇದು ಆಗುವ ಮಾತಲ್ಲ. ಪರೀಕ್ಷೆಯ ದಿನ ಮಗ್ಗ ನಿಲ್ಲಿಸಿದರೆ ಆ ದಿನದ ಕೂಲಿ ಹೋಯಿತು, ಪಕ್ಕದ ಮನೆಯ ಮಗ್ಗವನ್ನು ನಿಲ್ಲಿಸುವವರು ಯಾರು? ಇಲ್ಲಿನ ಮಕ್ಕಳು ಪರೀಕ್ಷಾ ಕೇಂದ್ರಕ್ಕೇ ಹೋಗಿ ಬರೆಯುವುದು ಒಳ್ಳೆಯದು. ಇನ್ನೊಂದು ತೊಡಕು ಹೆಸರಿನದು. ಈ ಸೀಮೆಯಲ್ಲಿ ಅಪ್ಪನ ಹೆಸರಿನ ಮೊದಲಕ್ಷರವೇ ಇನಿಶಿಯಲ್ಲು, ಮನೆತನದ ಹೆಸರು ಬರೆಯುವ ಪದ್ಧತಿಯಿಲ್ಲ. ಪರೀಕ್ಷೆಯ ನೋಂದಣಿಯಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎರಡನ್ನೂ ಕೇಳುತ್ತಾರೆ, ಗುರುತಿನ ಚೀಟಿಯಲ್ಲಿ ಇರುವಂತೆಯೇ ಇರಬೇಕು. ಒಂದರಲ್ಲಿ ಇನಿಶಿಯಲ್ಲು ಬಿಡಿಸಿ ಬರೆದು ಇನ್ನೊಂದರಲ್ಲಿ ಒಂಟಿ ಅಕ್ಷರವಿದ್ದರೆ ಬಾಗಿಲಲ್ಲೇ ತಡೆಯಬಹುದು, ಕಟ್ಟಿದ ಶುಲ್ಕ ಹೋದಂತೆಯೇ. ಮೊದಲು ಆಧಾರ್, ಪಾನ್, ಅಂಕಪಟ್ಟಿಗಳಲ್ಲಿ ಹೆಸರು ಒಂದೇ ಇದೆಯೇ ನೋಡಿಕೊಳ್ಳಬೇಕು.

ಸೇಲಂನಿಂದ ಬೆಂಗಳೂರು ಹೆದ್ದಾರಿ ಹಿಡಿದರೆ ಕರುಪ್ಪೂರು. 1966ರ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇಲ್ಲಿಯದು. 1997ರಲ್ಲಿ ಸ್ಥಾಪನೆಯಾದ ಪೆರಿಯಾರ್ ವಿಶ್ವವಿದ್ಯಾಲಯವೂ ಇದೇ ದಾರಿಯಲ್ಲಿ. ಇವುಗಳ ನೆರೆಯಲ್ಲಿ ಹೊಸ ಗಾಜಿನ ಕಟ್ಟಡ, ನಿಯೊ ಟೈಡೆಲ್ ಪಾರ್ಕು. ಸುಮಾರು 55 ಸಾವಿರ ಚದರಡಿಯ ಇದನ್ನು 2024ರ ಸೆಪ್ಟೆಂಬರಿನಲ್ಲಿ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಉದ್ಘಾಟಿಸಿದರು. ಚೆನ್ನೈನ ದೊಡ್ಡ ಟೈಡೆಲ್ ಪಾರ್ಕು 2000ದಲ್ಲಿ ತೆರೆದದ್ದು. ಅದರ ಸಣ್ಣ ತಮ್ಮಂದಿರನ್ನು ಈಗ ಜಿಲ್ಲಾ ಊರುಗಳಲ್ಲಿ ಕಟ್ಟುತ್ತಿದ್ದಾರೆ. ಹುಡುಗ ಗೇಟಿನ ಬಳಿ ನಿಂತು ಫೋಟೊ ತೆಗೆದುಕೊಂಡ. ಕಾವಲುಗಾರ ಸುಮ್ಮನಿದ್ದ, ಇಂಥವರು ದಿನವೂ ಬರುತ್ತಾರೆಂದು ಕಾಣುತ್ತದೆ.

ಕಟ್ಟಡ ಬಂದರೆ ಕೆಲಸ ಬಂತು ಎನ್ನಲಾಗದು. ಬೆಂಗಳೂರು, ಚೆನ್ನೈನ ದೊಡ್ಡ ಸೇವಾ ಕಂಪನಿಗಳು ಹೊಸಬರನ್ನು ಹೆಚ್ಚಾಗಿ ಎಂಜಿನಿಯರಿಂಗ್ ಕಾಲೇಜುಗಳ ಅಂಗಳದಲ್ಲೇ ಆರಿಸುತ್ತವೆ; ಹತ್ತನೇ ತರಗತಿಯಿಂದಲೂ ನೂರಕ್ಕೆ 60 ಅಂಕ ಬೇಕೆನ್ನುವವು ಬಹಳ. ಆ ಬಾಗಿಲನ್ನು ಸರ್ಟಿಫಿಕೇಟು ತೆರೆಯುವುದಿಲ್ಲ. ಅದು ತೆರೆಯುವುದು ಪಕ್ಕದ ಬಾಗಿಲುಗಳನ್ನು. ಡೆಸ್ಕ್‌ಟಾಪ್ ಸಪೋರ್ಟ್, ನೆಟ್‌ವರ್ಕ್ ನಿಗಾ ಕೇಂದ್ರದ ರಾತ್ರಿ ಪಾಳಿ, ಸಾಫ್ಟ್‌ವೇರ್ ಟೆಸ್ಟಿಂಗ್, ಕ್ಲೌಡಿನ ಕೆಳಹಂತದ ಕೆಲಸ. ಸಂಬಳ ಸಣ್ಣದು, ಮೊದಲೆರಡು ವರ್ಷ ಕಷ್ಟದ್ದು. ಹೊಸೂರು, ಕೃಷ್ಣಗಿರಿ ಕಡೆ ಎದ್ದಿರುವ ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಿಕ್ ವಾಹನ ಕಾರ್ಖಾನೆಗಳಿಗೂ ನೆಟ್‌ವರ್ಕು ನೋಡಿಕೊಳ್ಳುವವರು ಬೇಕು. ಡಿಪ್ಲೊಮಾದವನಿಗೆ ಬೆಂಗಳೂರಿಗಿಂತ ಅಲ್ಲಿ ಸಿಗುವ ಸಾಧ್ಯತೆ ಹೆಚ್ಚೆಂದು ನನ್ನ ಎಣಿಕೆ. ಮಾವನ ಮಗ ಹೊಸೂರಿನಲ್ಲಿರುವುದು ಸುಮ್ಮನಲ್ಲ.

ಟೆಸ್ಟಿಂಗ್ ಕಡೆ ಹೋಗುವವರು ಐಎಸ್‌ಟಿಕ್ಯುಬಿ ಫೌಂಡೇಷನ್ ಪರೀಕ್ಷೆಯ ಹೆಸರು ಕೇಳಿರುತ್ತಾರೆ: 40 ಪ್ರಶ್ನೆ, ಒಂದು ಗಂಟೆ, 26 ಸರಿಯಾದರೆ ಪಾಸು, ಅವಧಿ ಮುಗಿಯುವ ಮಾತಿಲ್ಲ. ಲಿನಕ್ಸ್ ಕಡೆ ಹೋಗುವವರಿಗೆ ರೆಡ್ ಹ್ಯಾಟಿನ ಆರ್‌ಎಚ್‌ಸಿಎಸ್‌ಎ. ನನಗೆ ಇದರ ಮೇಲೆ ಗೌರವ ಹೆಚ್ಚು. ಇದರಲ್ಲಿ ಟಿಕ್ ಹಾಕುವ ಪ್ರಶ್ನೆಗಳೇ ಇಲ್ಲ. ಕಂಪ್ಯೂಟರು ಕೊಟ್ಟು ಕೆಲಸ ಮಾಡಿ ತೋರಿಸು ಎನ್ನುತ್ತಾರೆ, 300ಕ್ಕೆ 210 ಬರಬೇಕು. ‘ಡಂಪ್’ ಎಂದು ಸಂತೆಯಲ್ಲಿ ಮಾರುವ ಕದ್ದ ಪ್ರಶ್ನೆಗಳನ್ನು ಉರುಹೊಡೆದು ಪಾಸಾಗುವವರಿಗೆ ಇಲ್ಲಿ ಜಾಗವಿಲ್ಲ. ಬೇರೆ ಪರೀಕ್ಷೆಗಳಲ್ಲೂ ಡಂಪು ಸಿಕ್ಕಿಬಿದ್ದರೆ ಸರ್ಟಿಫಿಕೇಟು ರದ್ದು. ಸಿಕ್ಕಿಬೀಳದಿದ್ದರೂ ಸಂದರ್ಶನದ ಎರಡನೇ ಪ್ರಶ್ನೆಗೆ ಬಣ್ಣ ಬಯಲು. ಇದಕ್ಕಿಂತ ಕೆಟ್ಟದ್ದು ದುಡ್ಡಿಗೆ ಸಿಗುವ ಸುಳ್ಳು ಅನುಭವಪತ್ರ. ಹಿನ್ನೆಲೆ ಪರಿಶೀಲನೆಯಲ್ಲಿ ಅದು ಹೊರಬಿದ್ದರೆ ಕೆಲಸ ಹೋಗುವುದಷ್ಟೇ ಅಲ್ಲ, ಮುಂದಿನ ಬಾಗಿಲುಗಳೂ ಮುಚ್ಚುತ್ತವೆ.

ಡಿಗ್ರಿಯೂ ಇಲ್ಲ, ಶುಲ್ಕವೂ ಇಲ್ಲ ಎನ್ನುವವರಿಗೆ ತಮಿಳುನಾಡಿನಲ್ಲೇ ಒಂದು ಒಳ್ಳೆಯ ದಾರಿಯಿದೆ. ಜೊಹೊ ಕಂಪನಿ ನಡೆಸುವ ಕಲಿಕಾ ಶಾಲೆಗಳು ಪ್ಲಸ್ ಟು, ಡಿಪ್ಲೊಮಾ ಮುಗಿಸಿದವರನ್ನು ಪರೀಕ್ಷೆ ಮಾಡಿ ಆರಿಸಿಕೊಂಡು, ಶುಲ್ಕ ತೆಗೆದುಕೊಳ್ಳದೆ, ತಾವೇ ತಿಂಗಳ ಭತ್ಯೆ ಕೊಟ್ಟು ಕಲಿಸುತ್ತವೆ. ಸೇರುವುದು ಸುಲಭವಲ್ಲ. ಆದರೂ ಅರ್ಜಿ ಹಾಕಲು ಖರ್ಚೇನು?

ನಾನು ನೋಡಬೇಕೆಂದು ಉಳಿಸಿಕೊಂಡಿದ್ದ ಇನ್ನೊಂದು ಜಾಗ ಸೇಲಂನಲ್ಲೇ ಇರುವ ಭಾರತೀಯ ಕೈಮಗ್ಗ ತಂತ್ರಜ್ಞಾನ ಸಂಸ್ಥೆ. 1960ರಲ್ಲಿ ಆರಂಭವಾದದ್ದು, ನೇಯ್ಗೆಯವರ ಮಕ್ಕಳು ಡಿಪ್ಲೊಮಾ ಪಡೆದು ಸಹಕಾರ ಸಂಘ, ಸರ್ಕಾರಿ ಇಲಾಖೆ ಸೇರಿದ್ದು ಇಲ್ಲಿಂದ. ಐಟಿ ಕೋರ್ಸಿನ ಮಾತಿನ ನಡುವೆ ಇದೇಕೆ ಎನ್ನಬಹುದು. ಸೀರೆಯ ಅಂಚು, ಸೆರಗಿನ ಚಿತ್ತಾರವನ್ನು ಈಗ ಕಂಪ್ಯೂಟರಿನಲ್ಲೇ ಬರೆದು ಜಕಾರ್ಡಿಗೆ ಇಳಿಸುತ್ತಾರೆ. ಸೀರೆ ವ್ಯಾಪಾರದ ಎಳಂಪಿಳ್ಳೈ ಕಡೆ ಈ ವಿನ್ಯಾಸ ಮಾಡಿಕೊಡುವುದೇ ಒಂದು ಕಸುಬು. ಹಾಸು ಯಾವುದು ಹೊಕ್ಕು ಯಾವುದು, ಎಲ್ಲಿ ಎಳೆ ತೇಲುತ್ತದೆ ಎಂದು ಕಣ್ಣಲ್ಲೇ ತಿಳಿಯುವ ಹುಡುಗ ಸಾಫ್ಟ್‌ವೇರನ್ನು ಕೆಲವೇ ತಿಂಗಳಲ್ಲಿ ಹಿಡಿಯುತ್ತಾನೆ. ಸಾಫ್ಟ್‌ವೇರು ಮಾತ್ರ ಬಲ್ಲವನು ಮಗ್ಗವನ್ನು ಅಷ್ಟು ಬೇಗ ಹಿಡಿಯಲಾರ. ಇದನ್ನು ಯಾವ ಕೌನ್ಸೆಲರೂ ಹೇಳುವುದಿಲ್ಲ, ಇದರಲ್ಲಿ ಅವರಿಗೆ ಕಮಿಷನ್ನಿಲ್ಲ. ನಂಗವಳ್ಳಿಯ ಎಲ್ಲರೂ ಇದನ್ನೇ ಮಾಡಲಿ ಎಂದಲ್ಲ. ಹೊಸ ಕಸುಬಿಗೆ ಹೋಗುವಾಗ ಹಳೆಯ ಕಸುಬಿನಲ್ಲಿ ಗೊತ್ತಿರುವುದನ್ನು ಬಿಟ್ಟು ಬರಿಗೈಯಲ್ಲಿ ಹೋಗಬೇಕಿಲ್ಲ. ಲೆಕ್ಕ ಬಲ್ಲ ಆ ಬಿ.ಕಾಂ. ಹುಡುಗಿಗೂ ಇದೇ ಮಾತು.

ಅವರ ಜೊತೆಗಿರುವ ಇನ್ನೊಂದು ಆಸ್ತಿಯನ್ನು ಅವರೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಡಿಪ್ಲೊಮಾ ಹುಡುಗನ ರೆಸ್ಯೂಮೆಯಲ್ಲಿ ಬಲ್ಲ ಭಾಷೆಗಳು ಎಂಬಲ್ಲಿ ತಮಿಳು, ಇಂಗ್ಲಿಷ್ ಎಂದಷ್ಟೇ ಇತ್ತು. ನಾವಿಬ್ಬರೂ ಬೆಳಗಿನಿಂದ ಮಾತಾಡಿದ್ದು ಕನ್ನಡದಲ್ಲಿ! ಕೇಳಿದರೆ, “ಅದು ಮನೇಲಿ ಮಾತ್ರ ಸಾರ್, ಬರೆಯೋಕೆ ಬರಲ್ಲ” ಎಂದ. ಗ್ರಾಹಕರ ಕರೆಗೆ ಉತ್ತರಿಸುವ, ಕಚೇರಿ ಕಚೇರಿಗೆ ಹೋಗಿ ಯಂತ್ರ ಸರಿಮಾಡುವ ಕೆಲಸಗಳಿಗೆ ಬೆಂಗಳೂರಿನಲ್ಲಿ ಕನ್ನಡ, ತಮಿಳು ಎರಡನ್ನೂ ಆಡುವವರು ಬೇಕು. ಆಡಲು ಬರುತ್ತದೆ ಎಂದು ಬರೆ ಎಂದೆ. ಅಲ್ಲೇ ಮೊಬೈಲಿನಲ್ಲಿ ತಿದ್ದಿದ.

ದುಡ್ಡು ಕಟ್ಟಿ ಮೋಸಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ರಸೀದಿ, ಕೈಪತ್ರ, ವಾಟ್ಸ್ಆ್ಯಪ್ ಮಾತುಕತೆ ಇಟ್ಟುಕೊಂಡಿರಬೇಕು. ಆದರೆ ಅಲ್ಲಿಯವರೆಗೆ ಹೋಗದಂತೆ ತಡೆಯುವುದು ಸಾಧ್ಯವಿತ್ತು ಎಂಬುದೇ ನನ್ನನ್ನು ಕೊರೆಯುವುದು. ಈ ಸೀಮೆಯಲ್ಲಿ ಕೋರ್ಸಿಗೆ ಬರವಿಲ್ಲ, ಪುಕ್ಕಟೆ ಪಾಠಕ್ಕೂ ಬರವಿಲ್ಲ. ಯಾವ ಕೆಲಸಕ್ಕೆ ಯಾವ ಸರ್ಟಿಫಿಕೇಟನ್ನು ನಿಜಕ್ಕೂ ಕೇಳುತ್ತಾರೆ ಎಂದು ಹೇಳಬಲ್ಲ, ಕೆಲಸದ ಒಳಗೇ ಇರುವ ಒಬ್ಬ ಮನುಷ್ಯ ಸಿಗುವುದಿಲ್ಲ. ಒಬ್ಬನಿಗೆ ಹೊಸೂರಿನಲ್ಲಿ ಮಾವನ ಮಗ ಇದ್ದ. ಆ ಹುಡುಗಿಗೆ ಯಾರೂ ಇರಲಿಲ್ಲ.

ಇದನ್ನು ಓದುವವರಲ್ಲಿ ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಇರುವವರು ಬಹಳ ಮಂದಿ ಇರುತ್ತೀರಿ. ನಿಮ್ಮಲ್ಲಿ ಕೆಲವರ ನಂಟಸ್ತನ ಸೇಲಂ, ಧರ್ಮಪುರಿ, ಕೃಷ್ಣಗಿರಿಯವರೆಗೂ ಇದೆ. ಮಾದಪ್ಪನ ಬೆಟ್ಟ ಇಳಿದು ಪಾಲಾರಿನ ಕಡೆಯಿಂದ ಮೆಟ್ಟೂರಿಗೆ ಬರುವ ದಾರಿಯೂ ನಿಮಗೆ ಗೊತ್ತು. ಹಬ್ಬಕ್ಕೋ ಮದುವೆಗೋ ಆ ಕಡೆ ಬಂದಾಗ ಅರ್ಧ ದಿನ ಬಿಡುವು ಮಾಡಿಕೊಳ್ಳಿ. ಊರಿನ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ನಿಮ್ಮ ಕಂಪನಿಯ ಖಾಲಿ ಹುದ್ದೆಗಳ ಪಟ್ಟಿಯನ್ನು ಮೊಬೈಲಿನಲ್ಲಿ ತೆರೆದು ತೋರಿಸಿ. ಅವರ ರೆಸ್ಯೂಮೆ ಓದಿ, ತಿದ್ದಿ ಕೊಡಿ. ನಿಮ್ಮ ಫೋನ್ ನಂಬರನ್ನೂ ಕೊಟ್ಟು ಬನ್ನಿ. ಅವರು ಯಾವುದಾದರೂ ಕೇಂದ್ರದ ಮೇಜಿನ ಮುಂದೆ ಕೂತು ಕರೆ ಮಾಡಿದಾಗ ಎತ್ತಿ.